ಅಬುಧಾಬಿಯಲ್ಲಿ ಇಳಿಯುವವನು

ಪೆಟ್ರೊನಿಲ್ಲಾಳ ಟ್ರಾವೆಲ್ ಆಫೀಸು ಬಹರೈನಿನ ರಾಜಧಾನಿ ಮನಾಮಾದ ಹಳೆಯ ಪೇಟೆಯಲ್ಲಿ, ಒಂದು ಬಟ್ಟೆಯಂಗಡಿಯ ಮೇಲಿತ್ತು. ಶನಿವಾರ ಅದು ಮಧ್ಯಾಹ್ನ ಒಂದು ಗಂಟೆಯವರೆಗೆ ಮಾತ್ರ. ಮಹಾಬಲ ಮತ್ತು ಆಶಾಲತಾ ಕಿರಿದಾದ ಮೆಟ್ಟಿಲು ಹತ್ತಿ ಬಂದು ಕೂತಾಗ ಹನ್ನೊಂದೂವರೆ ಆಗಿತ್ತು.

"ಬನ್ನಿ ಆಶಾಕ್ಕ. ಇವತ್ತು ಕಡೇ ದಿವಸ, ಗೊತ್ತುಂಟಲ್ಲ? ಒಂದು ಗಂಟೆಗೆ ನಾನು ಲಿಸ್ಟ್ ಹಡಗಿನವರಿಗೆ ಕಳಿಸ್ಬೇಕು. ಮತ್ತೆ ಯಾವ ಊರಲ್ಲಿ ಇಳಿದು ಎಂತ ನೋಡುದು ಅಂತ ಬದಲಾಯಿಸ್ಲಿಕ್ಕೆ ಆಗುದಿಲ್ಲ."

"ಬದಲಾಯಿಸುದು ಎಂತದು ಮಾರಾಯ್ತಿ. ಎರಡು ತಿಂಗಳಿಂದ ಬರ್ದು ಬರ್ದು ಪುಸ್ತಕ ಮುಗಿದಿದೆ," ಎಂದು ಆಶಾಲತಾ ಬ್ಯಾಗಿನಿಂದ ಮಗಳ ಹಳೆಯ ನೋಟ್‌ಬುಕ್ ತೆಗೆದಳು. ಪ್ರತಿ ಬಂದರಿಗೆ ಒಂದು ಪುಟ. ಹಡಗು ನಿಲ್ಲುವ ಹೊತ್ತು ಮೇಲೆ, ಹತ್ತಬೇಕಾದ ಹೊತ್ತು ಕೆಳಗೆ ಕೆಂಪು ಶಾಯಿಯಲ್ಲಿ, ನಡುವೆ ನೋಡಬೇಕಾದ ಜಾಗಗಳು.

ಇಲ್ಲಿಗೆ ಬಂದ ಇಪ್ಪತ್ತೆರಡು ವರ್ಷಗಳಲ್ಲಿ ಅವರ ಒಂದು ರಜೆಯೂ ಬೇರೆ ಕಡೆ ಹೋದದ್ದಿಲ್ಲ. ಪ್ರತಿ ಸಲವೂ ತಮ್ಮೂರು ಮುಲ್ಕಿ. ತಂಗಿಯ ಮದುವೆ, ಭಾವನ ಮನೆ ಒಕ್ಕಲು, ತಂದೆಯ ವರ್ಷಾಂತಿಕ, ಮತ್ತೆ ಯಾರದೋ ಮಗುವಿನ ನಾಮಕರಣ. ಪೆಟ್ಟಿಗೆ ತುಂಬಿಸಿ ಒಯ್ದು, ಖಾಲಿ ಪೆಟ್ಟಿಗೆಯಲ್ಲಿ ಹಪ್ಪಳ ತುಂಬಿಸಿ ತಂದು ರಜೆ ಮುಗಿಯುತ್ತಿತ್ತು. ಈ ವರ್ಷ ಆಶಾಲತಾ ಮೊದಲ ಬಾರಿಗೆ ಅತ್ತೆಗೆ ಸುಳ್ಳು ಹೇಳಿದ್ದಳು: ಇವರಿಗೆ ರಜೆ ಸಿಗಲಿಲ್ಲ ಅತ್ತೆ. ಹೇಳಿದ ರಾತ್ರಿ ಊಟ ಮಾಡಿರಲಿಲ್ಲ. ಮರುದಿನ ಎದ್ದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ 'ಸ್ಟೇಟಸ್ ಹಾಕಬಾರದು' ಎಂದು ಬರೆದು ಎರಡು ಗೆರೆ ಎಳೆದಿದ್ದಳು.

ಮಹಾಬಲ ಗೋಡೆಯ ಗಡಿಯಾರ ನೋಡಿದ. ಮೂರು ವಾರಗಳಿಂದ ಹೇಳಲಾಗದ್ದನ್ನು ಹೇಳಲು ಒಂದೂವರೆ ಗಂಟೆ ಉಳಿದಿತ್ತು. ಅಷ್ಟು ಬೇಕಾಗಿಯೂ ಇರಲಿಲ್ಲ. ಅದು ಮೂರು ಶಬ್ದಗಳ ಮಾತು.

ಟುಬ್ಲಿಯ ಗ್ಯಾರೇಜಿನಲ್ಲಿ ಅವನು ಹದಿನೆಂಟು ವರ್ಷ ಮ್ಯಾನೇಜರಾಗಿದ್ದ. ಮಾಲೀಕ, ಮುದುಕ ಅರ್ಬಾಬ್, ತೀರಿಕೊಂಡ ಮೇಲೆ ಮಕ್ಕಳು ಅದನ್ನು ಮಾರಿದರು. ಕೊಂಡವರ ಕಡೆಯಿಂದ ಬಂದ ಸಾಹಿಲ್ ಎಂಬವನು ಚಹಾ ತರಿಸಿ, ಬಹಳ ಮರ್ಯಾದೆಯಿಂದ ಹಿಂದಿಯಲ್ಲಿ ಹೇಳಿದ್ದ: ನಿಮ್ಮ ಕೆಲಸದ ಪರ್ಮಿಟ್ ಡಿಸೆಂಬರ್ ಇಪ್ಪತ್ತಾರಕ್ಕೆ ಮುಗಿಯುತ್ತದೆ, ನಾವು ಮುಂದುವರಿಸುವುದಿಲ್ಲ ಭಾಯ್. ಹಡಗು ಇಪ್ಪತ್ತೆರಡಕ್ಕೆ ಬಹರೈನ್ ಬಿಟ್ಟು ಇಪ್ಪತ್ತೆಂಟಕ್ಕೆ ವಾಪಸು ಬರುವುದಿತ್ತು. ಸಲ್ಮಾಬಾದಿನ ಒಂದು ವರ್ಕ್‌ಶಾಪಿನವರು ಅವನನ್ನು ತೆಗೆದುಕೊಳ್ಳಲು ಒಪ್ಪಿದ್ದರು. ಆದರೆ ಹಳೆಯ ಪರ್ಮಿಟ್ ಮುಗಿಯುವ ದಿನ ನೀವು ದೇಶದ ಒಳಗೇ ಇರಬೇಕು ಎಂದಿದ್ದರು. ಹೊರಗಿದ್ದರೆ ಎಲ್ಲವೂ ಮೊದಲಿನಿಂದ, ಯಾವ ತಿಂಗಳಿಗೋ. ಹೆಂಡತಿ ಮಗಳ ಇರುವಿಕೆಯೂ ಅವನ ಕಾಗದಕ್ಕೇ ಕಟ್ಟಿತ್ತು. ಮಗಳು ತೃಷಾ ಹನ್ನೆರಡನೆಯ ತರಗತಿ. ಫೆಬ್ರವರಿಯಲ್ಲಿ ಬೋರ್ಡ್ ಪರೀಕ್ಷೆ, ಇಲ್ಲಿಯ ಶಾಲೆಯಲ್ಲೇ.

ಪ್ರವಾಸ ಬೇಡ ಎಂದರೆ ಮುಗಿಯುತ್ತಿತ್ತು. ಬೇಡ ಎಂದರೆ ಯಾಕೆ ಎಂಬ ಪ್ರಶ್ನೆ ಬರುತ್ತಿತ್ತು. ಹಾಗಾಗಿ ಅವನು ಆಶಾಲತಾಳ ಪಟ್ಟಿಯೊಳಗೇ ತನ್ನದೊಂದು ಪಟ್ಟಿ ಮಾಡಿಕೊಂಡಿದ್ದ. ಹಡಗು ಇಪ್ಪತ್ತೈದಕ್ಕೆ ಅಬುಧಾಬಿಯಲ್ಲಿ ನಿಲ್ಲುತ್ತದೆ. ಅಲ್ಲಿ ಇಳಿದು, ಗ್ಯಾರೇಜಿನಲ್ಲಿ ತುರ್ತು ಕೆಲಸವೆಂದು ಹೇಳಿ, ಸಂಜೆಯ ವಿಮಾನದಲ್ಲಿ ಬಹರೈನಿಗೆ ಬರುವುದು. ಇಪ್ಪತ್ತಾರಕ್ಕೆ ತಾನು ಒಳಗಿದ್ದರೆ ಸಾಕು, ಅವರಿಬ್ಬರ ಕಾಗದವೂ ತನ್ನದರ ಹಿಂದೆ ತಾನೇ ಬರುತ್ತದೆ ಎಂದು ಅವನೇ ತೀರ್ಮಾನಿಸಿದ್ದ. ಯಾರನ್ನೂ ಕೇಳಿರಲಿಲ್ಲ. ಕೇಳಿದರೆ ಅಲ್ಲ ಎಂದಾರೆಂಬ ಹೆದರಿಕೆ.

"ಇಪ್ಪತ್ತಮೂರು ದೋಹಾ," ಪೆಟ್ರೊನಿಲ್ಲಾ ಕಂಪ್ಯೂಟರ್ ನೋಡುತ್ತ ಹೇಳಿದಳು. "ಸೂಕ್ ನೋಡ್ತೀರಾ, ಮ್ಯೂಸಿಯಮ್ಮಾ?"

"ಸೂಕ್ ಬೇಡಪ್ಪ. ದಿನಾ ಸೂಕಲ್ಲೇ ಕೊತ್ತಂಬರಿ ಸೊಪ್ಪು ತರುದು ನಾನು. ಮ್ಯೂಸಿಯಂ ಹಾಕು."

"ಇಪ್ಪತ್ನಾಲ್ಕು ದುಬೈ."

"ಅಲ್ಲಿ ಬೆಳಿಗ್ಗೆ ಕ್ರೀಕಲ್ಲಿ ದೋಣಿ. ಮಧ್ಯಾಹ್ನ ಮೇಲೆ ತೃಷಾಳಿಗೆ ಆ ಎತ್ತರದ ಬಿಲ್ಡಿಂಗ್ ಹತ್ಬೇಕಂತೆ. ಇವರಿಗೆ ತಲೆ ತಿರುಗ್ತದೆ, ಇವರು ಕೆಳಗೆ ಕೂತು ನಮ್ಮ ಚಪ್ಪಲಿ ಕಾಯ್ಲಿ."

"ಅದು ದೇವಸ್ಥಾನ ಅಲ್ಲ ಆಶಾಕ್ಕ, ಚಪ್ಪಲಿ ಹಾಕ್ಕೊಂಡೇ ಹತ್ಬಹುದು. ಆದ್ರೆ ಐದೂವರೆಗೆ ಹಡಗಿನ ಒಳಗೆ ಇರ್ಬೇಕು. ಮುಲ್ಕಿ ಬಸ್ಸಲ್ಲ ಇದು, ಕಂಡಕ್ಟರ್ ವಿಸಿಲ್ ಹಾಕಿ ನಿಲ್ಲಿಸ್ಲಿಕ್ಕೆ."

ಇಬ್ಬರೂ ನಕ್ಕರು. ಮಹಾಬಲನೂ ತುಸು ತಡವಾಗಿ ನಕ್ಕ. ಆಶಾಲತಾ ಒಮ್ಮೆ ಅವನ ಕಡೆ ನೋಡಿ ಮತ್ತೆ ಪುಟ ತಿರುವಿದಳು.

"ಇಪ್ಪತ್ತೈದು ಅಬುಧಾಬಿ. ಬೆಳಿಗ್ಗೆ ದೊಡ್ಡ ಮಸೀದಿ, ಮಧ್ಯಾಹ್ನ ಮೇಲೆ ಮಂದಿರ."

"ಎರಡೂ ಆಗ್ತದಾ ಒಂದೇ ದಿನದಲ್ಲಿ?"

"ಆಗ್ತದೆ. ಮಂದಿರ ಊರಿಂದ ದೂರ ಉಂಟು, ಅದಕ್ಕೆ ಮೊದಲೇ ಕಾರ್ ಹೇಳ್ಬೇಕು. ಮೂರು ಜನ ಅಲ್ವಾ?"

"ಮೂರು," ಎಂದಳು ಆಶಾಲತಾ.

"ಪೆಟ್ರೊನಿಲ್ಲಾ," ಮಹಾಬಲ ಮೊದಲ ಬಾರಿಗೆ ಬಾಯಿ ತೆರೆದ. "ಸುಮ್ಮನೆ ಕೇಳುದು. ಯಾರಿಗಾದ್ರೂ ಮಧ್ಯದಲ್ಲಿ ಒಂದು ಊರಲ್ಲಿ ಇಳಿದು ವಿಮಾನದಲ್ಲಿ ವಾಪಸ್ ಬರ್ಲಿಕ್ಕೆ ಆಗ್ತದಾ?"

"ಆಗ್ತದೆ. ಹಡಗಿನವರಿಗೆ ಮೊದಲೇ ಹೇಳಿ ಕಾಗದ ಮಾಡ್ಬೇಕು. ಯಾಕೆ ಮಹಾಬಲಣ್ಣ, ಈಗ್ಲೇ ವಾಂತಿ ಬರ್ತದಾ?"

"ಅಲ್ಲ, ಸುಮ್ಮನೆ."

"ಇವರದ್ದೊಂದು. ಹತ್ತುವ ಮೊದಲೇ ಇಳಿಯುವ ಮಾತು," ಎಂದಳು ಆಶಾಲತಾ. ತಮಾಷೆಗೇ ಹೇಳಿದ್ದು. ಆದರೆ ನೋಟ್‌ಬುಕ್ಕಿನ ಮೇಲಿದ್ದ ಅವಳ ಪೆನ್ನು ನಿಂತಿತ್ತು. ಮೂರು ವಾರಗಳಿಂದ ಅವಳಿಗೂ ಏನೋ ಅನಿಸಿರಬೇಕು ಎಂದು ಅವನಿಗೆ ಆಗ ಹೊಳೆಯಿತು. ಮನೆಯಲ್ಲಿ ಅವನು ಹೆಚ್ಚು ಮಾತಿನವನಲ್ಲ. ಮೌನದ ಒಳಗೆ ಇನ್ನೊಂದು ಮೌನ ಇಟ್ಟರೆ ಯಾರಿಗೂ ಕಾಣುವುದಿಲ್ಲ ಎಂದುಕೊಂಡಿದ್ದ. ಜೊತೆಗೆ ಬಾಳಿದವರಿಗೆ ಕಾಣುತ್ತದೋ ಏನೋ.

ಇಪ್ಪತ್ತಾರರ ಪುಟದಲ್ಲಿ ಜಿಂಕೆ, ಜಿರಾಫೆಗಳಿರುವ ಒಂದು ದ್ವೀಪವಿತ್ತು. ಇಪ್ಪತ್ತೇಳು ಇಡೀ ದಿನ ಸಮುದ್ರ. ಇಪ್ಪತ್ತೆಂಟಕ್ಕೆ ಮತ್ತೆ ಬಹರೈನ್.

"ಆ ದಿನವೂ ನಮಗೆ ಟೂರ್ ಬೇಕು," ಆಶಾಲತಾ ಹೇಳಿದಳು. "ನಗ್ಬೇಡ. ಹಡಗಿನ ಬಸ್ಸಲ್ಲಿ ಕೂತು ಟೂರಿಸ್ಟಿನ ಹಾಗೆ ಕೋಟೆ ನೋಡುದು. ಇಷ್ಟು ವರ್ಷ ಆಯ್ತು, ಆ ಕೋಟೆಯ ಒಳಗೆ ಕಾಲಿಡ್ಲಿಲ್ಲ. ನಮ್ಮದೇ ಊರು, ನಾಳೆ ನೋಡಿದ್ರಾಯ್ತು ಅಂತ."

ನಮ್ಮದೇ ಊರು. ಮಹಾಬಲ ಎದ್ದು ಕಿಟಕಿಯ ಬಳಿ ಹೋದ. ಕೆಳಗೆ ಓಣಿಯಲ್ಲಿ ಒಬ್ಬ ಕೈಗಾಡಿಯವನು ಬಟ್ಟೆಯ ಥಾನುಗಳನ್ನು ಇಳಿಸುತ್ತಿದ್ದ. ಹನ್ನೆರಡೂಕಾಲು.

"ಆಯ್ತು. ಇನ್ನು ಮೂವರದ್ದೂ ರೆಸಿಡೆನ್ಸಿ ಮುಗಿಯುವ ತಾರೀಕು ಬೇಕು," ಎಂದಳು ಪೆಟ್ರೊನಿಲ್ಲಾ. "ಈ ಸಲ ಹೊಸ ನಿಯಮ. ಅದಿಲ್ಲದೆ ಯಾವ ಬಂದರಲ್ಲೂ ಇಳಿಯುವ ಹಾಗಿಲ್ಲ."

"ಅದು ಮನೆಯಲ್ಲಿ ನೋಡಿ ಕಳಿಸ್ತೇನೆ," ಕಿಟಕಿಯ ಬಳಿಯಿಂದಲೇ ಅವನು ಹೇಳಿದ.

"ಮನೆಗೆ ಹೋಗ್ಲಿಕ್ಕೆ ಟೈಮೆಲ್ಲಿ ಉಂಟು? ಸಿಪಿಆರ್ ನಂಬರ್ ಹಾಕಿದ್ರೆ ಇಲ್ಲೇ ಬರ್ತದೆ. ಮತ್ತೆ ಇದು ನಿಮ್ಮ ಒಳ್ಳೆಯದಕ್ಕೇ ಮಹಾಬಲಣ್ಣ. ಹೋದ ವರ್ಷ ಒಂದು ಫ್ಯಾಮಿಲಿ ದೋಹಾಕ್ಕೆ ಹೋದದ್ದು. ಗಂಡ ಕೆಲಸ ಉಂಟು ಅಂತ ಇಲ್ಲೇ ಉಳಿದ. ಅಷ್ಟರಲ್ಲಿ ಅವನ ಪರ್ಮಿಟ್ ಬೇರೆ ಕಂಪೆನಿಗೆ ಬದಲಾಯ್ತು. ಅವನದ್ದು ಸರಿಯಾಯ್ತು. ಹೆಂಡತಿ ಮಕ್ಕಳದ್ದು ಕ್ಯಾನ್ಸಲ್! ಒಳಗೆ ಬಿಡ್ಲೇ ಇಲ್ಲ. ಅವರು ಅಲ್ಲಿಂದಲೇ ಊರಿಗೆ ಹೋಗಿ ನಾಲ್ಕು ತಿಂಗಳು ಕೂತ್ರು. ಮಕ್ಕಳ ಶಾಲೆ ಎಲ್ಲ ಹಾಳು."

ಮಹಾಬಲ ಕಿಟಕಿಯ ಸರಳು ಹಿಡಿದುಕೊಂಡ. ಅವನ ಪಟ್ಟಿಯ ಕೊನೆಯ ಸಾಲು ಅಲ್ಲಿಗೆ ಅಳಿಸಿಹೋಯಿತು. ಅಬುಧಾಬಿಯಲ್ಲಿ ಇಳಿದು ಅವನು ಬರಬಹುದಿತ್ತು. ಹಡಗಿನಲ್ಲಿ ಬಿಟ್ಟು ಬಂದವರು ಬರುವ ಹಾಗಿರಲಿಲ್ಲ.

ಈಗ ಹೇಳಬೇಕು ಎಂದುಕೊಂಡ.

"ಸ್ಪಾನ್ಸರ್ ನೀವಲ್ವಾ, ಮೊದಲು ನಿಮ್ಮದು ಹೇಳಿ," ಪೆಟ್ರೊನಿಲ್ಲಾ ಬೆರಳುಗಳನ್ನು ಕೀಲಿಗಳ ಮೇಲಿಟ್ಟು ಕಾದಳು.

ಅವನು ಹೇಳತೊಡಗಿದ. ಒಂಬತ್ತು ಅಂಕೆಗಳು. ಆಸ್ಪತ್ರೆ, ಬ್ಯಾಂಕು, ಶಾಲೆ, ಕರೆಂಟ್ ಬಿಲ್ಲು, ಎಲ್ಲಿ ಹೋದರೂ ಹೆಸರಿಗಿಂತ ಮೊದಲು ಕೇಳುವ ಗುರುತಿನ ನಂಬರು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಈ ದೇಶದಲ್ಲಿ ಯಾರೂ ತಪ್ಪುವುದಿಲ್ಲ. ಕೊನೆಯ ಅಂಕೆ ಮೂರು. ಅವನು ಎಂಟು ಎಂದ.

"ಇಲ್ಲ ಅಂತ ಬರ್ತದಲ್ಲ," ಪೆಟ್ರೊನಿಲ್ಲಾ ಕನ್ನಡಕ ಮೇಲೆತ್ತಿದಳು. "ಏಳು ಆರು ಸೊನ್ನೆ ಏಳು... ಕಡೆಗೆ ಎಂಟು. ಸರಿಯಾ?"

"ಎಂಟಲ್ಲ, ಮೂರು," ಆಶಾಲತಾ ತಲೆಯೆತ್ತದೆ ಹೇಳಿದಳು. ಮನೆಯ ಎಲ್ಲ ಫಾರಂ ತುಂಬುವವಳು ಅವಳೇ. "ನಿಮ್ಮ ನಂಬರೇ ಮರ್ತುಹೋಯ್ತಾ ಮಾರಾಯ್ರೆ?"

ಪ್ರಶ್ನೆಯಲ್ಲಿದ್ದ ನಗು ಮಾತು ಮುಗಿಯುವ ಮೊದಲೇ ಆರಿತು. ಅವಳು ಕತ್ತು ತಿರುಗಿಸಿ ಗಂಡನನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ. ಪೆಟ್ರೊನಿಲ್ಲಾಳ ಬೆರಳು ಮತ್ತೆ ಕೀಲಿ ಒತ್ತತೊಡಗಿತ್ತು. ಏಳು, ಆರು, ಸೊನ್ನೆ. ಆಶಾಲತಾ ಮೇಜಿನ ಮೇಲೆ ಬಾಗಿ ಅವಳ ಕೈ ಹಿಡಿದಳು.

"ನಿಲ್ಲು. ಒಂದು ನಿಮಿಷ. ನಾವು ಹೊರಗೆ ಹೋಗಿ ಬರ್ತೇವೆ."

ಮೆಟ್ಟಿಲಿನಲ್ಲಿ ಇಬ್ಬರು ನಿಲ್ಲುವಷ್ಟೇ ಜಾಗ. ಅವಳು ಒಂದು ಮೆಟ್ಟಿಲು ಮೇಲೆ ನಿಂತಿದ್ದಳು. ಕೆಳಗಿನ ಅಂಗಡಿಯಲ್ಲಿ ಬಟ್ಟೆ ಹರಿಯುವ ಸದ್ದು ಕೇಳುತ್ತಿತ್ತು.

"ತಾರೀಕಲ್ಲಿ ಎಂತದೋ ಉಂಟು. ಅಲ್ವಾ?"

ಅವನು ಗೋಡೆಗೆ ಒರಗಿದ.

"ಯಾವಾಗ ಮುಗಿಯುದು?"

"ಇಪ್ಪತ್ತಾರು."

ಅವಳು ಎಣಿಸುವುದು ಮುಖದಲ್ಲಿ ಕಂಡಿತು. ಜಿಂಕೆ, ಜಿರಾಫೆಗಳ ದ್ವೀಪ. "ರಿನ್ಯೂ ಮಾಡುದಿಲ್ವಾ ಅವರು?"

ಅವನು ಇಲ್ಲವೆಂದು ತಲೆಯಾಡಿಸಿದ.

"ಕೆಲಸ..." ಎಂದಳು. ಅವನು ಮತ್ತೆ ತಲೆಯಾಡಿಸಿದ. ಆ ಶಬ್ದವನ್ನು ಅವನ ಬಾಯಿಂದ ಹೊರಡಿಸಲು ಅವಳಿಗೂ ಆಗಲಿಲ್ಲ.

"ಎಷ್ಟು ದಿನ ಆಯ್ತು ಗೊತ್ತಾಗಿ?"

"ಮೂರು ವಾರ. ಸಲ್ಮಾಬಾದಲ್ಲಿ ಒಬ್ಬರು ತಕ್ಕೊಳ್ತೇನೆ ಹೇಳಿದ್ದಾರೆ. ಆದ್ರೆ ಆ ದಿನ ನಾನು ಇಲ್ಲೇ ಇರ್ಬೇಕು. ಅದಕ್ಕೆ ನಾನು ಅಬುಧಾಬಿಯಲ್ಲಿ..."

"ಇಳಿಯುವವರಿದ್ರಿ."

"ಹೌದು."

"ಎಂತ ಹೇಳಿ ಇಳಿಯುವವರಿದ್ರಿ ನಮ್ಮ ಹತ್ರ?"

"ಗ್ಯಾರೇಜಲ್ಲಿ ಅರ್ಜೆಂಟ್ ಅಂತ."

"ಯಾವ ಗ್ಯಾರೇಜಲ್ಲಿ?"

ಅವಳು ಅಳಲಿಲ್ಲ. ಅತ್ತರೆ ಸುಲಭವಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಮತ್ತೆ ಮತ್ತೆ ಸುತ್ತಿ ಬಿಚ್ಚಿದಳು.

"ಪೆಟ್ರೊನಿಲ್ಲಾ ಆ ಕತೆ ಹೇಳದಿದ್ರೆ ನೀವು ನಮ್ಮನ್ನು ಆ ಹಡಗಲ್ಲಿ ಬಿಟ್ಟು ಬರ್ತಿದ್ರಿ," ಎಂದಳು ಕೊನೆಗೆ. ಸ್ವರ ಏರಿರಲಿಲ್ಲ. "ಮಗುವಿನ ಪರೀಕ್ಷೆ ಹೋಗ್ತಿತ್ತು. ಹಡಗು ಹಾಳಾಗಿ ಹೋಗ್ಲಿ, ನನಗೆ ಹಡಗು ಬೇಡ. ನಾನು ಅತ್ತೆ ಹತ್ರ ಸುಳ್ಳು ಹೇಳಿದ್ದು ನಾವು ಮೂವರು ಒಟ್ಟಿಗೆ ಒಂದು ವಾರ ಇರ್ಬೇಕು ಅಂತ. ನೀವು ನನ್ನ ಹತ್ರ ಮುಚ್ಚಿಟ್ಟದ್ದು ಎಂತಕ್ಕೆ?"

"ನಿನಗೆ ಬೇಜಾರಾಗ್ತದೆ ಅಂತ."

"ಈಗ ಆಗ್ಲಿಲ್ವಾ?"

ಅವಳು ತಿರುಗಿ ಮೆಟ್ಟಿಲು ಹತ್ತಿದಳು. ಅವನು ಹಿಂಬಾಲಿಸಿದ. ಹನ್ನೆರಡು ಐವತ್ತು.

"ನಮ್ಮ ಮೂವರ ಹೆಸರು ತೆಗಿ ಪೆಟ್ರೊನಿಲ್ಲಾ," ಎಂದಳು ಆಶಾಲತಾ, ಕುರ್ಚಿಯಲ್ಲಿ ಕೂರದೆ. "ಎಲ್ಲ ಊರಿಂದಲೂ."

ಪೆಟ್ರೊನಿಲ್ಲಾ ಒಬ್ಬರ ನಂತರ ಒಬ್ಬರ ಮುಖ ನೋಡಿದಳು. ಈ ಮೇಜಿನ ಹಿಂದೆ ಕೂತು ಅವಳು ಇಂಥ ಮುಖಗಳನ್ನು ಮೊದಲೂ ನೋಡಿರಬೇಕು. ಏನೂ ಕೇಳಲಿಲ್ಲ. "ಆಯ್ತು ಆಶಾಕ್ಕ," ಎಂದಷ್ಟೇ ಹೇಳಿ ಕಂಪ್ಯೂಟರಿನ ಕಡೆ ತಿರುಗಿದಳು. ದೋಹಾ, ದುಬೈ, ಅಬುಧಾಬಿ. ಪ್ರತಿ ಊರಿಗೂ ಮೂರು ಸಲ ಬೆರಳಿನ ಸದ್ದು.

ಮಹಾಬಲನಿಗೆ ಎದೆ ಹಗುರಾದಂತೆ ಅನಿಸಿತು. ಕಷ್ಟದ್ದು ಮುಗಿಯಿತು ಎಂದುಕೊಂಡ. ಅಷ್ಟರಲ್ಲಿ ಆಶಾಲತಾ ತನ್ನ ಫೋನು ತೆಗೆದು ನಂಬರು ಒತ್ತಿ ಅವನ ಮುಂದೆ ಹಿಡಿದಳು. ಪರದೆಯ ಮೇಲೆ ತೃಷಾಳ ಹೆಸರು.

"ನೀನೇ ಹೇಳು," ಎಂದ ಅವನು. "ನಿನ್ನ ಹತ್ರ ಆದ್ರೆ ಅವಳು..."

"ನಾನು ಹೇಳುದಿಲ್ಲ. ನನ್ನ ಹತ್ರವೂ ನೀವು ಹೇಳ್ಲಿಲ್ಲ. ನಾನೇ ಹೆಕ್ಕಿ ತೆಗೆದದ್ದು."

ಅವನು ಫೋನು ತೆಗೆದುಕೊಂಡ.

"ಮಮ್ಮೀ, ಮಸೀದಿಗೆ ಬ್ಲ್ಯಾಕ್ ಸ್ಕಾರ್ಫೇ ಬೇಕಾ, ಬೇರೆ ಕಲರ್ ಓಕೆನಾ?" ತೃಷಾಳ ಸ್ವರ ಉತ್ಸಾಹದಲ್ಲಿತ್ತು. "ಹಲೋ? ಮಮ್ಮೀ?"

"ಪಪ್ಪ ಮಾತಾಡುದು."

"ಓ, ಪಪ್ಪಾ. ಹೇಳಿ."

ಹೇಳಿ ಎಂದು ಅವಳು ಕಾದಳು. ಪೆಟ್ರೊನಿಲ್ಲಾಳ ಬೆರಳೂ ನಿಂತಿತ್ತು. ಆಶಾಲತಾ ಅವನಿಗೆ ಬೆನ್ನು ಹಾಕಿ ಕಿಟಕಿಯ ಬಳಿ ನಿಂತಿದ್ದಳು, ಕೇಳಿಸಿಕೊಳ್ಳುತ್ತಿದ್ದಾಳೆಂದು ಬೆನ್ನಿನಿಂದಲೇ ತಿಳಿಯುತ್ತಿತ್ತು.

"ಪಪ್ಪಾ? ಕೇಳ್ತದಾ?"

ಲೈನು ಸರಿಯಿಲ್ಲವೆಂದು ಇಟ್ಟುಬಿಡಬಹುದಿತ್ತು. ಬೆರಳು ಆ ಕಡೆ ಹೋಗಿಯೂ ಇತ್ತು.

"ಕೇಳ್ತದೆ. ನಾವು ಹಡಗಲ್ಲಿ ಹೋಗುದಿಲ್ಲ ಮಗಾ," ಎಂದ. ಒಂದು ಸಲ ಉಸಿರೆಳೆದುಕೊಂಡ. "ನನ್ನ ಕೆಲಸ ಹೋಗಿದೆ."

ತನ್ನದೇ ಸ್ವರದಲ್ಲಿ ಆ ಮಾತನ್ನು ಅವನು ಮೊದಲ ಬಾರಿ ಕೇಳುತ್ತಿದ್ದ. ಆ ಕಡೆಯಿಂದ ಏನೂ ಬರಲಿಲ್ಲ. ಇಷ್ಟು ದಿನ ಅವನು ಬೇರೆಯವರನ್ನು ಇರಿಸಿದ, ಮಾತಿಗೆ ಕಾಯುವ ಜಾಗದಲ್ಲಿ ಈಗ ಅವನೇ ನಿಂತಿದ್ದ. ಕಾದ. ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದ.

"ಇನ್ನೂ ಉಂಟು," ಎಂದ. "ಇಡ್ಬೇಡ. ಎಲ್ಲ ಹೇಳ್ತೇನೆ."