ಮಧ್ಯಾಹ್ನ ಸಾಯುವ ಗಿಡಗಳು

ಬೆಡ್‌ಶೀಟಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಸೊಸೆಯ ಕೈಯಲ್ಲಿ. ನಾನು ಬಲಕ್ಕೆ ತಿರುಚಿದರೆ ಅವಳು ಎಡಕ್ಕೆ ತಿರುಚುತ್ತಿದ್ದಳು. ಬಟ್ಟೆ ಹಿಂಡಿಕೊಳ್ಳದೆ ಹಗ್ಗದ ಹಾಗೆ ಸುಮ್ಮನೆ ಸುತ್ತುತ್ತಿತ್ತು.

"ಅತ್ತೆ, ಇಬ್ಬರೂ ಬಲಕ್ಕೆ ಅಂತ ಎಷ್ಟು ಸಲ ಮಾತಾಡ್ಕೊಂಡಿದ್ದೀವಿ?"

"ನಿನ್ನ ಬಲವೋ, ನನ್ನ ಬಲವೋ?"

"ಅಯ್ಯೋ, ಅವರವರ ಬಲ!"

ಆಮೇಲೆ ನೀರು ದಬದಬ ಸುರಿಯಿತು. ಸುರಿದದ್ದು ಕೆಳಗಿನ ಆರು ಹೈಡ್ರೇಂಜಿಯಾ ಹೂಗಿಡದ ಕುಂಡಗಳಿಗೆ. ಬೇಸಿಗೆಯಲ್ಲಿ ನಮ್ಮ ನಲ್ಲಿ ಬೆಳಿಗ್ಗೆ ಸ್ವಲ್ಪ ಹೊತ್ತು ಬಂದು ನಿಂತುಬಿಡುತ್ತದೆ. ಹಾಗಾಗಿ ಈ ಮನೆಯಲ್ಲಿ ಉಳಿದ ನೀರನ್ನು ಯಾರೂ ಮೋರಿಗೆ ಚೆಲ್ಲುವುದಿಲ್ಲ, ಕುಂಡಕ್ಕೇ ಹಾಕಬೇಕು. ಇದು ನನ್ನ ಓರಗಿತ್ತಿ ಮಾಡಿದ ಕಾನೂನು. ಗಿಡಗಳೂ ಅವಳವೇ.

ಓರಗಿತ್ತಿ ಅಂದರೆ ನನ್ನ ಮೈದುನನ ಹೆಂಡತಿ. ಗಂಡಂದಿರು ಹೋದ ಮೇಲೂ ನಾವಿಬ್ಬರು ಒಂದೇ ಅಡುಗೆಮನೆಯಲ್ಲಿ ಜಗಳವಾಡಿಕೊಂಡು ಬದುಕಿದವರು. ಚಳಿಗಾಲದಲ್ಲಿ ಕಣ್ಣಿನ ಆಪರೇಷನ್‌ಗೆಂದು ಅವಳು ಅಣ್ಣನ ಊರಿಗೆ ಹೋದಳು. ಹೋಗುವಾಗ ಕುಂಡಗಳನ್ನು ಒಂದೊಂದಾಗಿ ಮುಟ್ಟಿ, "ಅಕ್ಕಾ, ಇವು ನಿನ್ನ ಹಾಗಲ್ಲ, ಸೂಕ್ಷ್ಮ" ಎಂದಿದ್ದಳು. ಬೇಸಿಗೆ ಶುರುವಾದಾಗ ಅವಳಿಂದ ಕಾಗದ ಬಂತು.

"ಕಣ್ಣು ಸರಿಹೋಯಿತು. ಇಲ್ಲೇ ಇದ್ದುಬಿಡು ಅಂತ ಅಣ್ಣ ಒತ್ತಾಯ ಮಾಡುತ್ತಿದ್ದಾನೆ. ನನ್ನ ಗಿಡಗಳು ಬದುಕಿದ್ದರೆ ಅಲ್ಲಿಗೆ ಬರುತ್ತೇನೆ. ಸತ್ತಿದ್ದರೆ ಇಲ್ಲೇ ಇರುತ್ತೇನೆ. ಇದ್ದದ್ದು ಇದ್ದ ಹಾಗೆ ಬರೆ. ಸುಳ್ಳು ಬರೆದರೆ ನಿನ್ನ ಅಕ್ಷರ ನೋಡಿದರೇ ನನಗೆ ಗೊತ್ತಾಗುತ್ತದೆ."

ಗೊತ್ತಾಗುತ್ತದೆ, ನಿಜ. ರಾತ್ರಿ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ಅಕ್ಷರ ಕಲಿತವರು ನಾವು.

ಅವಳು ಬರಬೇಕು ಅಂತ ನನಗೆ ಎಷ್ಟು ಆಸೆಯೆಂದರೆ, ಹೇಳಲು ನಾಚಿಕೆ. ಆದರೆ ಏನಂತ ಬರೆಯಲಿ? ಬೆಳಿಗ್ಗೆ ನೋಡಿದರೆ ಗಿಡಗಳು ಮದುವೆಗೆ ಹೊರಟವರ ಹಾಗೆ ನಿಂತಿರುತ್ತಿದ್ದವು. "ಚೆನ್ನಾಗಿವೆ" ಎಂದು ಬರೆದು, ಲಕೋಟೆಗೆ ಅಂಟು ಹಚ್ಚುವ ಮುಂಚೆ ಹೊರಗೆ ಬಂದರೆ ಎಲೆಯೆಲ್ಲ ಜೋತುಬಿದ್ದು, ಹೂವಿನ ಗೊಂಚಲು ತಲೆ ನೆಲಕ್ಕೆ ಹಾಕಿರುತ್ತಿತ್ತು. ಅದನ್ನು ಹರಿದು "ಹೋದವು ಕಣೇ" ಎಂದು ಬರೆದರೆ ಸಂಜೆಗೆ ಮತ್ತೆ ಎದ್ದು ಕೂತಿರುತ್ತಿದ್ದವು. ಬೆಳಿಗ್ಗೆ ಬರೆದದ್ದು ಮಧ್ಯಾಹ್ನಕ್ಕೆ ಸುಳ್ಳು, ಮಧ್ಯಾಹ್ನ ಬರೆದದ್ದು ಸಂಜೆಗೆ ಸುಳ್ಳು. ಅಂಚೆಯಲ್ಲಿ ಕಾಗದ ಹೋಗುವಷ್ಟು ಹೊತ್ತು ನಿಜವಾಗಿ ಉಳಿಯುವ ಮಾತು ಒಂದೂ ಸಿಗಲಿಲ್ಲ. ಫೋನ್ ಮಾಡಿ ಅಂದಳು ಸೊಸೆ. ಫೋನಿನಲ್ಲಾದರೂ ಏನಂತ ಹೇಳುವುದು?

ಸಾಲದ್ದಕ್ಕೆ, ಓರಗಿತ್ತಿ ಕೊಟ್ಟುಹೋದದ್ದು ನೀಲಿ ಹೂವಿನ ಗಿಡಗಳು. ಈ ಸಲ ಬಿಟ್ಟದ್ದು ಗುಲಾಬಿ ಬಣ್ಣ. ನನ್ನ ತಲೆ ಕೆಟ್ಟುಹೋಯಿತು.

"ನೀರು ಸಾಲ್ತಿಲ್ಲ ದೊಡ್ಡಮ್ಮಾ" ಎಂದ ಮಹಡಿಯ ಮೇಲಿನ ದರ್ಜಿ. ಸದಾ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವುದರಿಂದ ಅವನಿಗೆ ನಮ್ಮ ಬೀದಿಯಲ್ಲಿ ಸೂಜಿ ಮಾಸ್ತರ ಎಂದೇ ಹೆಸರು.

"ಮಣ್ಣು ಮುಟ್ಟಿ ನೋಡೋ, ಕೆಸರಾಗಿದೆ."

"ಹಾಗಾದ್ರೆ ಜಾಸ್ತಿ ಆಗಿದೆ."

"ಈಗ ತಾನೇ ಕಡಿಮೆ ಅಂದೆಯಲ್ಲ!"

"ಕಡಿಮೆ ಇಲ್ಲ ಅಂದ್ರೆ ಜಾಸ್ತಿ. ಇನ್ನೇನಿರುತ್ತೆ?"

ಬೆಡ್‌ಶೀಟು ಹಿಂಡಿದ ಆ ದಿನ ಮಾತ್ರ ವಿಚಿತ್ರ ನಡೆಯಿತು. ಸುಡುಬಿಸಿಲಿನ ಮಧ್ಯಾಹ್ನವೂ ಗಿಡಗಳು ಬಾಡಲಿಲ್ಲ. ಹಿಂದಿನ ವಾರ ಬಟ್ಟೆ ಒಗೆದ ದಿನವೂ ಹೀಗೇ ಆಗಿತ್ತು ಎಂದು ನೆನಪಾಯಿತು. ಸಾಬೂನಿನಲ್ಲಿ ಏನೋ ಔಷಧಿ ಇದೆ ಎಂದು ನನಗೆ ಖಾತ್ರಿಯಾಯಿತು. ಮರುದಿನ ಒಂದು ಬಕೆಟ್ ನೀರಿಗೆ ಸಾಬೂನಿನ ಚೂರು ಕದಡಿ ಎಲ್ಲ ಕುಂಡಗಳಿಗೂ ಕೊಟ್ಟೆ.

ಮಧ್ಯಾಹ್ನ ಎಲ್ಲವೂ ಮತ್ತೆ ತಲೆ ನೆಲಕ್ಕೆ ಹಾಕಿದವು. ಮೂಲೆಯ ಕುಂಡದ ಗಿಡವಂತೂ ಸಂಜೆಯಾದರೂ ಏಳಲಿಲ್ಲ. ಮರುದಿನವೂ ಏಳಲಿಲ್ಲ. ಬುಡ ಹಿಡಿದು ಎಳೆದರೆ ಕೈಗೇ ಬಂತು. ಬೇರು ಕಪ್ಪಗಾಗಿ, ಹೂದಾನಿಯಲ್ಲಿ ಮರೆತ ನೀರಿನ ಹಾಗೆ ನಾರುತ್ತಿತ್ತು.

"ಇದು ಒಂದು ದಿನದ ಸಾಬೂನಿನ ಕೆಲಸ ಅಲ್ಲ ಅತ್ತೆ" ಎಂದಳು ಸೊಸೆ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವಳು ಊಟಕ್ಕೆ ಬಂದಿದ್ದಳು. "ಬೇರು ಕೊಳೆತಿದೆ. ದಿನಾ ಎಷ್ಟು ನೀರು ಹಾಕ್ತಿದ್ದೀರಿ?"

"ಬೆಳಿಗ್ಗೆ ಒಂದೊಂದು ಚೊಂಬು. ನೀನು?"

ಅವಳು ಮುಖ ಆ ಕಡೆ ತಿರುಗಿಸಿದಳು. "ಮಧ್ಯಾಹ್ನ ಬಂದಾಗ ಬಾಡಿರ್ತಾವಲ್ಲ, ಪಾಪ ಅಂತ ನನ್ನ ಬಾಟಲಿಯಲ್ಲಿ ಉಳಿದದ್ದನ್ನ... ಆಮೇಲೆ ಇನ್ನೊಂದು ಜಗ್ಗು."

ಮಹಡಿಯ ಮೆಟ್ಟಿಲ ಮೇಲೆ ಸೂಜಿ ಮಾಸ್ತರ ಖಾಲಿ ಬೋಗುಣಿ ಹಿಡಿದು ಕಳ್ಳನ ಹಾಗೆ ನಿಂತಿದ್ದ.

"ನೀನೂನಾ?"

"ಇಸ್ತ್ರಿಗೆ ಚಿಮುಕಿಸಿ ಉಳಿದ ನೀರು ದೊಡ್ಡಮ್ಮಾ. ನಿಮ್ಮನೆ ಕಾನೂನಲ್ವಾ? ಯಾರೂ ಹಾಕ್ತಿಲ್ಲವೇನೋ ಅಂದ್ಕೊಂಡೆ."

ಮೂವರೂ ಮುಖ ಮುಖ ನೋಡಿಕೊಂಡೆವು. ಬಾಡಿದ್ದನ್ನು ಕಂಡವರೆಲ್ಲ ಬಾಯಾರಿಕೆ ಎಂದುಕೊಂಡು ಕುಡಿಸಿದ್ದೆವು. ಕುಡಿದು ಕುಡಿದು ಆ ಗಿಡ ಸತ್ತಿತ್ತು. ನಗು ಬಂತು, ಆಮೇಲೆ ನಗು ನಿಂತುಹೋಯಿತು. ಓರಗಿತ್ತಿಗೆ ಏನು ಹೇಳುವುದು?

ನೀರು ಜಾಸ್ತಿಯಾಗಿತ್ತು, ಸರಿ. ಆದರೆ ಬಟ್ಟೆ ಒಗೆದ ದಿನ ಎಲ್ಲಕ್ಕಿಂತ ಹೆಚ್ಚು ನೀರು ಬಿದ್ದಿತ್ತಲ್ಲ, ಆಗ ಯಾಕೆ ಬಾಡಲಿಲ್ಲ? ತಲೆಬುಡ ತಿಳಿಯಲಿಲ್ಲ. ಬಾಗಿಲ ಬಳಿ ಮಣೆ ಹಾಕಿ ಕೂತೆ. ಮಣ್ಣು ಇನ್ನೂ ಒದ್ದೆಯಿದ್ದುದರಿಂದ, ಯಾರೂ ಒಂದು ಹನಿಯೂ ಹಾಕಕೂಡದು ಎಂದು ತಾಕೀತು ಮಾಡಿದೆ. ಬಿಸಿಲು ಗೋಡೆಯಿಂದ ಇಳಿದು ಮೊದಲ ಕುಂಡ ಮುಟ್ಟಿತು. ಮುಟ್ಟಿದ ಸ್ವಲ್ಪ ಹೊತ್ತಿಗೆ ಅದರ ಎಲೆ ಸಡಿಲವಾಯಿತು. ಆಮೇಲೆ ಎರಡನೆಯದು. ಬಿಸಿಲು ಹೋದ ಕ್ರಮದಲ್ಲೇ ಒಂದೊಂದಾಗಿ ಬಾಡಿದವು. ನನ್ನ ನೆತ್ತಿಯೂ ಕಾದು, ಸೆರಗು ತಲೆಗೆ ಹೊದ್ದುಕೊಂಡೆ. ಹೊದ್ದ ಕೈ ಅಲ್ಲೇ ನಿಂತಿತು. ತಲೆಯೆತ್ತಿ ನೋಡಿದೆ. ಕುಂಡಗಳ ಮೇಲೆ ಬಟ್ಟೆ ಒಣಹಾಕುವ ತಂತಿ, ಇವತ್ತು ಖಾಲಿ.

ಒಳಗೆ ಹೋಗಿ ಪೆಟ್ಟಿಗೆ ತೆರೆದು ಕೈಗೆ ಸಿಕ್ಕಿದ ಬೆಡ್‌ಶೀಟು ತಂದು ತಂತಿಯ ಮೇಲೆ ಹರಡಿದೆ. ಮೂರು ಗಿಡಗಳಿಗೆ ನೆರಳು ಸಿಕ್ಕಿತು, ಎರಡಕ್ಕೆ ಸಾಲಲಿಲ್ಲ. ನೆರಳಿನವು ಬೇಗ ಸುಧಾರಿಸಿಕೊಂಡವು. ಬಿಸಿಲಿನವೆರಡು ಹಾಗೇ ಜೋತುಬಿದ್ದಿದ್ದು, ಹೊತ್ತು ಇಳಿದ ಮೇಲೆ ಯಾರೂ ನೀರು ಕೊಡದೆ, ಯಾರೂ ಅಯ್ಯೋ ಅನ್ನದೆ, ತಾವಾಗಿಯೇ ಎದ್ದವು.

"ಹಾಗಾದ್ರೆ ಅವು ಸಾಯ್ತಿರಲಿಲ್ಲ" ಎಂದಳು ಸಂಜೆ ಬಂದ ಸೊಸೆ. "ಬಿಸಿಲು ತಡೆಯಲಾರದೆ ತಲೆ ಬಗ್ಗಿಸಿ ಕೂತಿದ್ವು, ಅಷ್ಟೇ."

"ನಿನ್ನ ಚಿಕ್ಕತ್ತೆಯೂ ಹಾಗೇ ಮುಖ ಕೆಳಗೆ ಹಾಕಿ ಕೂರ್ತಿದ್ದಳು. ನಾನು ಸಮಾಧಾನ ಮಾಡಲು ಹೋದಷ್ಟೂ ಜಾಸ್ತಿ."

"ಬಿಟ್ರೆ?"

"ಸಂಜೆಗೆ ತಾನೇ ಬಂದು ಚಹಾ ಕೇಳ್ತಿದ್ದಳು."

ಅಂದಿನಿಂದ ಬೆಳಿಗ್ಗೆ ಮಣ್ಣಿನೊಳಗೆ ಬೆರಳು ತೂರಿಸಿ ನೋಡಿ, ಒಣಗಿದ್ದರೆ ಮಾತ್ರ ಬುಡ ನೆನೆಯುವಷ್ಟು ನೀರು. ಮಣ್ಣಿನ ಮೇಲೆ ಒಣ ಎಲೆಯ ಹೊದಿಕೆ. ಬಿಸಿಲೇರುವ ಮುಂಚೆ ತಂತಿಗೆ ಬೆಡ್‌ಶೀಟು. ಉಳಿದ ನೀರಿಗೆ ಒಂದು ಬಕೆಟ್ ಇಟ್ಟೆ. ಸೂಜಿ ಮಾಸ್ತರ ಬೋಗುಣಿ ಹಿಡಿದು ಬಂದು, "ಇಲ್ಲಿಗೇ ತಾನೇ?" ಎಂದು ದಿನಾ ಕೇಳಿ ಬಕೆಟ್ಟಿಗೆ ಹಾಕುತ್ತಿದ್ದ. ಐದೂ ಗಿಡಗಳು ನಿಂತವು.

ಕಾಗದ ಬರೆಯಲು ಕೂತೆ. ಈ ಸಲ ಹರಿಯಲಿಲ್ಲ.

"ಒಂದು ಗಿಡ ಸತ್ತಿದೆ. ನಾವೆಲ್ಲ ಸೇರಿ ನೀರು ಕುಡಿಸಿ ಕೊಂದೆವು. ಐದು ಬದುಕಿವೆ. ಬಿಸಿಲು ಬಿದ್ದರೆ ಮಧ್ಯಾಹ್ನ ಸತ್ತ ಹಾಗೆ ಕಾಣುತ್ತವೆ, ಸಂಜೆ ಏಳುತ್ತವೆ. ನೀನು ಬಂದ ದಿನ ಹಾಗೆ ಕಂಡರೆ ನನ್ನನ್ನು ಬೈಯಬೇಡ, ಸಂಜೆತನಕ ಕಾದು ನೋಡು. ನೀಲಿ ಹೂ ಗುಲಾಬಿಯಾದದ್ದು ಯಾಕೆ ಅಂತ ನನಗೆ ಈಗಲೂ ಅರ್ಥವಾಗಿಲ್ಲ. ಗಿಡ ಬದಲಾಯಿಸಿಲ್ಲ, ಬೇಕಾದರೆ ಕುಂಡದ ಒಡಕು ನೋಡಿ ಗುರುತು ಹಿಡಿ. ಐದಕ್ಕೆ ನೀನು ಬರುತ್ತೀಯೋ, ಆರೂ ಇದ್ದರೆ ಮಾತ್ರ ಬರುತ್ತೀಯೋ ನನಗೆ ಗೊತ್ತಿಲ್ಲ. ಬಾ."

ಬೀದಿಯ ಕೊನೆಯ ಅಂಚೆ ಡಬ್ಬಿಯವರೆಗೆ ಬಿಸಿಲಲ್ಲೇ ನಡೆದೆ. ಲಕೋಟೆಯ ಅರ್ಧ ಡಬ್ಬಿಯ ಬಾಯೊಳಗೆ ಹೋದಾಗ ಒಂದು ಮಾತು ನೆನಪಾಯಿತು. ತಂತಿಯ ಮೇಲೆ ದಿನಾ ಬಿಸಿಲುಂಡು ಬಣ್ಣಗೆಟ್ಟ ಆ ಬೆಡ್‌ಶೀಟು ಅವಳದೇ, ಅವಳು ಯಾರಿಗೂ ಮುಟ್ಟಲು ಕೊಡದೆ ಪೆಟ್ಟಿಗೆಯಲ್ಲಿ ಮಡಚಿಟ್ಟಿದ್ದದ್ದು. ಇದ್ದದ್ದು ಇದ್ದ ಹಾಗೆ ಬರೆ ಎಂದಿದ್ದಳಲ್ಲ. ಹೊರಗೆ ಎಳೆದು ಇನ್ನೊಂದು ಸಾಲು ಬರೆಯಲೇ ಎಂದು ಅಲ್ಲೇ ನಿಂತೆ.

ಬಂದು ಬೈಯಲಿ ಎಂದು ಬೆರಳು ಬಿಟ್ಟೆ.