ಗೋಡೆಯ ಮೇಲೆ ದಿನಕ್ಕೊಂದು ಅಕ್ಷರ

೧
ಎಲ್ಲಿಂದ ಶುರು ಮಾಡಲಿ? ಬಾಟಲಿಯಿಂದ ಶುರು ಮಾಡಿದರೆ ಮುಂದಿನದನ್ನೆಲ್ಲ ನೀವೇ ಊಹಿಸಿಬಿಡುತ್ತೀರಿ. ಬ್ರಷ್ಷಿನಿಂದ ಶುರು ಮಾಡುತ್ತೇನೆ. ಕಾಂತೇಶ್ ಗುಬ್ಬಿಯಲ್ಲಿ ಬೋರ್ಡು ಬರೆಯುವವನು. ೧೯೯೮ರ ಹೊತ್ತಿಗೆ ಬಸ್‌ಸ್ಟ್ಯಾಂಡ್ ಸುತ್ತಲಿನ ಅರ್ಧದಷ್ಟು ಅಂಗಡಿಗಳ ಹೆಸರು ಅವನ ಕೈಯದೇ. ಬೆಳಿಗ್ಗೆ ಒಂದು ಕ್ವಾರ್ಟರ್ ಇಳಿಸಿದರೆ ಮಾತ್ರ ಆ ಕೈ ನಡುಗುತ್ತಿರಲಿಲ್ಲ. ಕುಡಿತ ಚಟವಲ್ಲ, ಕಸುಬಿನ ಸಲಕರಣೆ ಎಂದೇ ಅವನು ನಂಬಿದ್ದ.

೨
(ಇಲ್ಲಿದ್ದ ಡ್ರಾಫ್ಟ್ ಹರಿದು ಹಾಕಿದ್ದೇನೆ. ಅದರಲ್ಲಿ ಅವನು ಕುಡಿದು ಏಣಿಯಿಂದ ಬೀಳುತ್ತಿದ್ದ, ಹೆಂಡತಿ ತವರಿಗೆ ಹೊರಡುತ್ತಿದ್ದಳು. ಸಾಲದ್ದಕ್ಕೆ ಗುಡುಗು ಬೇರೆ.)

"ನಾನ್ಯಾವತ್ತು ಸಾರ್ ಏಣಿಯಿಂದ ಬಿದ್ದೆ?" ಎಂದ ಕಾಂತೇಶ್, ಓದಿ.

"ಕತೆಗೆ ಒಂದು ಏಟು ಬೇಕಲ್ಲಪ್ಪ."

"ಏಟು ಬಿದ್ದಿದ್ದು ಅಂಗನವಾಡೀಲಿ. ಅದನ್ನ ಬರೀರಿ."

೩
ಸರಿ. ಅವನ ಹೆಂಡತಿ ವನಜಾಕ್ಷಿ ಅಂಗನವಾಡಿ ಟೀಚರು. ಹೊಸದಾಗಿ ಸುಣ್ಣ ಹೊಡೆದ ಗೋಡೆಯ ಮೇಲೆ ಅಕ್ಷರಮಾಲೆ ಬರೆದುಕೊಡಿ ಎಂದು ಕೇಳಿದ್ದಳು. ಅವನು ಎಂದಿನಂತೆ ಕ್ವಾರ್ಟರ್ ಮುಗಿಸಿ, ಏಲಕ್ಕಿ ಜಗಿದು ಹೋದ. ಬಾಗಿಲಲ್ಲಿ ಆಡುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಅವನು ಹತ್ತಿರ ಬಂದದ್ದೇ ಮೂಗು ಮುಚ್ಚಿಕೊಂಡು, ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟಳು. ಅಳಲಿಲ್ಲ, ಕೂಗಲಿಲ್ಲ. ಮನೆಯಲ್ಲಿ ದಿನಾ ಮಾಡಿ ಅಭ್ಯಾಸವಿದ್ದ ಹಾಗೆ.

ವನಜಾಕ್ಷಿ ನೋಡಿದಳು. "ಇವತ್ತು ಬೇಡ ಕಣ್ರೀ. ಹೋಗಿ," ಎಂದಳು. ದನಿ ಏರಿಸಲಿಲ್ಲ. ಪೇಂಟಿನ ಡಬ್ಬ ಹಿಡಿದು ವಾಪಸು ನಡೆಯುವಾಗ ಅವನಿಗೆ ಹೆಂಡತಿಯ ಮೇಲೆ ಸಿಟ್ಟು ಬರಲಿಲ್ಲ. ಆ ಹುಡುಗಿ ದಾರಿ ಬಿಟ್ಟ ರೀತಿಯೇ ಕಣ್ಣಿಗೆ ಕಟ್ಟಿತ್ತು.

೪
ಮರುವಾರ ಇಬ್ಬರೂ ಕುಡಿತ ಬಿಡಿಸುವ ಡಾಕ್ಟರನ್ನು ಹುಡುಕಿಕೊಂಡು ತುಮಕೂರಿಗೆ ಹೋದರು. "ಮನೇಲಿ ನೀವಾಗೇ ಒಂದೇ ಸಲ ನಿಲ್ಲಿಸೋಕೆ ಹೋಗ್ಬೇಡಿ, ಫಿಟ್ಸ್ ಬರಬಹುದು," ಎಂದು ಡಾಕ್ಟರು ಹತ್ತು ದಿನ ಅಡ್ಮಿಟ್ ಮಾಡಿಕೊಂಡರು. (ಆಸ್ಪತ್ರೆಯ ಮೇಲೆ ಮೂರು ಪುಟ ಬರೆದಿದ್ದೆ. ಕಾಂತೇಶ್, "ಬೆವತೆ, ನಡುಗಿದೆ, ಗಂಜಿ ಕುಡಿದೆ, ಅಷ್ಟೇಯಾ," ಎಂದ. ಮೂರೂ ಪುಟ ಹೋದವು.)

ಊರಿಗೆ ಬಂದ ಮೇಲೆ ಕಷ್ಟವಾದದ್ದು ಸಂಜೆ ಆರು ಗಂಟೆ. ಕಾಲುಗಳು ತಾವಾಗಿಯೇ ಬಾರ್ ಕಡೆ ತಿರುಗುತ್ತಿದ್ದವು. ಅದಕ್ಕೇ ಆ ಹೊತ್ತಿಗೆ ಸೈಕಲ್ ಹತ್ತಿ ಕೆರೆ ಏರಿಯ ಮೇಲೆ ಹೋಗಿ ಬರತೊಡಗಿದ. ಬಂದವನೇ ಸ್ನಾನ, ಏಳಕ್ಕೆಲ್ಲ ಊಟ.

"ಉಪ್ಸಾರು ಇಷ್ಟು ಚೆನ್ನಾಗಿರ್ತಿತ್ತಾ ವನಜಾ?"

"ಮೊದಲಿಂದ್ಲೂ ಹಿಂಗೇ ಮಾಡ್ತಿದ್ದೆ. ನೀವು ಉಂಡಿದ್ದು ಈಗ."

೫
ಕೈ ಮಾತ್ರ ಇನ್ನೂ ನಡುಗುತ್ತಿತ್ತು. ಅವನು ಬೋರ್ಡು ಒಪ್ಪಿಕೊಳ್ಳುವುದನ್ನೇ ನಿಲ್ಲಿಸಿದ. "ಅಂಗನವಾಡಿ ಗೋಡೆ ಇನ್ನೂ ಖಾಲಿ ಐತೆ. ದಿನಕ್ಕೊಂದು ಅಕ್ಷರ ಬರೀರಿ, ಸಾಕು," ಎಂದಳು ವನಜಾಕ್ಷಿ. ಮೊದಲ ದಿನದ ಅ ಹುಳ ಹರಿದಂತಾಯಿತು. ಒರೆಸಿ ಮತ್ತೆ ಬರೆದ. ಮೂರನೇ ಸಲಕ್ಕೆ ಗುರುತು ಸಿಗುವಂತಾಯಿತು. ಕ ವರ್ಗ ದಾಟುವಷ್ಟರಲ್ಲಿ ಗೆರೆ ಹಿಡಿತಕ್ಕೆ ಬಂದಿತ್ತು.

(ಇಲ್ಲಿಗೇ ನಿಲ್ಲಿಸಿದ್ದರೆ ಪತ್ರಿಕೆಯವರು ಖುಷಿಯಿಂದ ಹಾಕುತ್ತಿದ್ದರು.)

೬
ಟ ಬರೆದ ದಿನ ಅವನು ಹಳೇ ಗೆಳೆಯ ನಾಗಭೂಷಣನ ಗೃಹಪ್ರವೇಶಕ್ಕೆಂದು ಕುಣಿಗಲ್‌ಗೆ ಹೋದ. ಹಿತ್ತಲಲ್ಲಿ ಯಾರೋ ಲೋಟ ಕೈಗಿಟ್ಟರು. ಕುಡಿದ.

ಈ ಸಾಲು ಅಳಿಸಿಬಿಡಲಾ ಎಂದು ಕೇಳಿದೆ. "ಬುಡಿ ಸಾರ್, ಇರ್ಲಿ. ಇದನ್ನ ಅಳಿಸಿದ್ರೆ ಮಿಕ್ಕಿದ್ದೂ ಸುಳ್ಳಾಗೋಯ್ತದೆ."

ಗೃಹಪ್ರವೇಶದ ಮಾರನೇ ಬೆಳಿಗ್ಗೆ ಹೆಂಡತಿಯ ಮುಂದೆ ಅವನೇ ಬಾಯಿಬಿಟ್ಟ. "ನೆನ್ನೆ ಕುಡಿದ್ಬಿಟ್ಟೆ ಕಣೇ."

ವನಜಾಕ್ಷಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಮೊರ ಪೂರ್ತಿ ಆರಿಸಿದ ಮೇಲೆ ಹೇಳಿದಳು: "ಇವತ್ತು ಡಾಕ್ಟ್ರ ಹತ್ರ ಹೋಗಿ ಬನ್ನಿ. ನಾಳೆ ಠ ಬರೀರಿ."

೭
ಮುಕ್ತಾಯ ಒಂದು: ಅವನು ಮತ್ತೆಂದೂ ಕುಡಿಯಲಿಲ್ಲ.

ಮುಕ್ತಾಯ ಎರಡು: ಫ್ಲೆಕ್ಸ್ ಬಂತು, ಬೋರ್ಡಿನ ಕೆಲಸ ಹೋಯಿತು, ಅವನು ಬಾರಿಗೆ ವಾಪಸಾದ.

ಕಾಂತೇಶ್ ಎರಡನ್ನೂ ಓದಿದ. "ಫ್ಲೆಕ್ಸ್ ಬಂದಿದ್ದು ನಿಜ. ನಾನು ಸ್ಕೂಲು ಗೋಡೆ ಬರಿಯೋಕೆ ಶುರು ಮಾಡ್ದೆ. ಇನ್ನು 'ಮತ್ತೆಂದೂ' ಅನ್ನೋದು ನಂಗೇ ಗೊತ್ತಿಲ್ಲ, ನಿಮಗೆಂಗೆ ಗೊತ್ತು?"

ಹಾಗಾದರೆ ಳ ಬರೆದ ದಿನವನ್ನಷ್ಟೇ ಹೇಳುತ್ತೇನೆ. ಕೊನೆಯ ಅಕ್ಷರ ಅದು. ಅವನು ಬ್ರಷ್ಷನ್ನು ಟರ್ಪೆಂಟೈನಿನಲ್ಲಿ ಬೇಕೆಂದೇ ನಿಧಾನವಾಗಿ ತೊಳೆದ. "ಮುಗೀತು," ಎಂದವನಿಗೆ ಒಳಗೆ ಭಯವಾಯಿತು. ನಾಳೆ ಬೆಳಿಗ್ಗೆ ಎದ್ದು ಏನು ಮಾಡುವುದು?

ವನಜಾಕ್ಷಿ ಎದುರಿನ ಗೋಡೆಗೆ ಒರಗಿಸಿದ್ದ ಬೀರು ಸರಿಸುತ್ತಿದ್ದಳು.

"ಎಲ್ಲಿ ಮುಗೀತು? ಬನ್ನಿ, ಒಂದು ಕೈ ಹಿಡೀರಿ. ಕಾಗುಣಿತ ಪೂರ್ತಿ ಬಾಕಿ ಐತೆ."