ಅವ್ವನಿಂದ ಕಲ್ತಿದ್ದು

ಪಾರಮ್ಮನ ಬಾಯಿಗೆ ಸಿರುಗುಪ್ಪದ ಆ ಓಣಿ ಪೂರ್ತಿ ಹೆದರ್ತಿತ್ತು. ನಳದ ಹತ್ರ ಆಕಿ ಕೊಡ ಮುಂದ ಇಟ್ರ ಯಾರೂ ಕಮಕ್ ಕಿಮಕ್ ಅಂತಿದ್ದಿಲ್ಲ. ಅಂಥಾ ಪಾರಮ್ಮ ತಗ್ಗಿ ನಡೀತಿದ್ದಿದ್ದು ಒಬ್ಬಾಕಿಗೆ ಮಾತ್ರ, ಮೊಮ್ಮಗಳು ಸೌಂದರ್ಯಗ. ಮೂರನೇ ಕ್ಲಾಸಿನ ಹುಡುಗಿ. "ಅವ್ವಾ" ಅಂತ ಆಕಿ ಒಂದು ಸಲ ಕೂಗಿದ್ರ ಸಾಕು, ಒಲಿ ಮ್ಯಾಲಿನ ಸಾರು ಉಕ್ಕಿ ಹೋದ್ರೂ ಪಾರಮ್ಮ ಎದ್ದು ಓಡ್ತಿದ್ಳು.

ಹೌದು, ಅಜ್ಜಿನ್ನ ಅವ್ವ ಅಂತಿತ್ತು ಆ ಹುಡುಗಿ. ಪಾರಮ್ಮನ ತವರು ಆದವಾನಿ ಕಡೆ, ತೆಲುಗು ಸೀಮಿ. ಅಲ್ಲಿ ಅವ್ವ ಅಂದ್ರ ಅಜ್ಜಿ, ಹೆತ್ತಾಕಿ ಅಮ್ಮ. ಪಾರಮ್ಮ ಹಂಗಾ ಕಲ್ಸಿದ್ಳು. ಇದ್ರಾಗ ತಪ್ಪೇನೈತಿ ಅಂತ ಆಕಿಗೆ ಯಾವತ್ತೂ ತಿಳೀಲಿಲ್ಲ. ಆದ್ರ ಸೊಸಿ ನೀಲಾವತಿ ಕುರುಗೋಡಿನಾಕಿ. ಅಲ್ಲಿ ಅವ್ವ ಅಂದ್ರ ಹೆತ್ತಾಕಿ, ಮುಗೀತು. "ಅಮ್ಮ ಅಂತ ದಾರ್ಯಾಗ ಹೋಗೋರನ್ನೆಲ್ಲಾ ಕರೀತಾರ. ಬಸ್ಸಿನ ಕಂಡಕ್ಟ್ರೂ ನನಗ 'ಸರಿಯಮ್ಮಾ ಮುಂದಕ್ಕ' ಅಂತಾನ. ನನ್ನ ಮಗಳಿಗೂ ನಾನು ಹಂಗಾ ಏನು?" ಅಂತ ಆಕಿ ಬಂದಾಗೊಮ್ಮಿ ಜಗಳ ತಗೀತಿದ್ಳು.

ಬಂದಾಗೊಮ್ಮಿ ಅಂದ್ನಲ್ಲ, ಯಾಕಂದ್ರ ನೀಲಾವತಿ ಇರ್ತಿದ್ದಿದ್ದು ಬಳ್ಳಾರ್ಯಾಗ. ಹುಡುಗಿ ಇನ್ನಾ ಅಂಬೆಗಾಲಿಡ್ತಿದ್ದಾಗ ಆಕಿ ಜೀನ್ಸ್ ಹೊಲಿಯೋ ಕೆಲಸಕ್ಕ ಅಲ್ಲಿಗೆ ಹೋಗಿದ್ಳು. ಗಂಡ ಮಾರೇಶ ಅಕ್ಕಿ ಮಿಲ್ಲಿನ ಲಾರಿ ಓಡ್ಸೋನು, ಇವತ್ತು ಈ ಊರು ನಾಳೆ ಆ ಊರು. ಹುಡುಗಿ ಉಚ್ಚಿ ಬಟ್ಟಿ ತೊಳ್ದಾಕಿ, ಜ್ವರ ಬಂದಾಗ ಎದಿ ಮ್ಯಾಲ ಹಾಕ್ಕೊಂಡು ಕುಂತಾಕಿ ಪಾರಮ್ಮ. ಈಗ ನೋಡಿದ್ರ ನೀಲಾವತಿ ಬಳ್ಳಾರ್ಯಾಗ ಒಂದು ರೂಮು ಮಾಡ್ಯಾಳ, ಮುಂದಿನ ವರ್ಷಕ್ಕ ಅಲ್ಲೇ ಸಾಲಿಗೆ ಹಾಕ್ತೀನಿ, ಹುಡುಗೀನ್ನ ಕೊಡ್ರಿ ಅಂತ ಕುಂತಾಳ. ಕೊಡ್ರಿ ಅಂತ! ಬೆಳೆದ ಮಗೂನ್ನ ಕೊಡಾಕ ಅದೇನು ಹೆಪ್ಪಿಗೆ ಕೇಳೋ ಮಜ್ಜಿಗ್ಯಾ? ಪಾರಮ್ಮನ ಹೊಟ್ಟ್ಯಾಗ ಬೆಂಕಿ ಬಿತ್ತು.

ಆ ಬೆಂಕಿಗೆ ಎಣ್ಣಿ ಸುರಿದಿದ್ದು ನಿಶಾತ್ ಟೀಚರ್, ಪಾಪ, ತಿಳೀದನ.

ಸೋಮವಾರಕ್ಕೊಮ್ಮಿ ಟೀಚರ್ ಎಲ್ಲಾ ಮನಿ ಫೋನಿಗೂ ಒಂದು ಮಾತು ರೆಕಾರ್ಡ್ ಮಾಡಿ ಕಳಸ್ತಿದ್ಳು. ವಾರದಾಗ ಮಕ್ಕಳು ಮನ್ಯಾಗ ಮಾಡೋ ಚಟುವಟಿಕಿ ಅದು. ಒಂದು ವಾರ ಒಂದು ಕೊಡಕ್ಕ ಎಷ್ಟು ಚಂಬು ನೀರು ಹಿಡೀತತಿ ನೋಡ್ರಿ ಅಂತ, ಇನ್ನೊಂದು ವಾರ ಕಾಳು ಬ್ಯಾರಿ ಬ್ಯಾರಿ ಮಾಡ್ರಿ ಅಂತ. ಶನಿವಾರ ಸಾಲ್ಯಾಗ ತೋರಸ್ಬೇಕು. "ಪಗಾರ ಅವ್ರಿಗೆ, ಪಾಠ ನಮ್ಮ ಅಡಿಗಿ ಮನ್ಯಾಗ" ಅಂತ ಪಾರಮ್ಮ ಗೊಣಗ್ತಿದ್ಳು, ಆದ್ರ ಒಂದು ವಾರಾನೂ ತಪ್ಪಿಸಿದ್ದಿಲ್ಲ. ಆ ಸೋಮವಾರ ಬಂದ ಮಾತು ಹಿಂಗಿತ್ತು: "ಮಕ್ಕಳೇ, ಈ ವಾರ ಅವ್ವನ ಹತ್ರ ಕುಂತು, ಅವ್ವ ಮಾಡೋದು ಏನಾರ ಒಂದು ನೋಡಿ ಕಲೀರಿ. ಶನಿವಾರ ಎಲ್ಲಾರ ಮುಂದ ಮಾಡಿ ತೋರಸ್ರಿ. ಅವ್ವನ್ನೂ ಕರ್ಕೊಂಡು ಬರ್ರಿ."

ಟೀಚರ್ ಬಳ್ಳಾರಿ ಸಿಟಿಯಾಕಿ. ತಾಯಿ ಅಂದ್ರ ಪುಸ್ತಕದ ಮಾತಾಗತೈತಿ, ಈ ಕಡೆ ಮಕ್ಕಳಿಗೆ ಹತ್ರ ಆಗ್ಲಿ ಅಂತ ಅವ್ವ ಅಂದಿದ್ಳು. ಆ ಒಂದು ಮಾತು ಪಾರಮ್ಮನ ಮನ್ಯಾಗ ಏನು ಮಾಡ್ತತಿ ಅಂತ ಆಕಿಗೇನು ಗೊತ್ತು?

"ನೋಡ್ದ್ಯಾ ಸೌಂದಿ, ನನ್ನನ್ನ ಕರ್ದಾರ" ಅಂತ ಪಾರಮ್ಮ ಆಗ್ಲೇ ಶನಿವಾರಕ್ಕ ಉಡೋ ಸೀರಿ ತಗದು ಬಿಸ್ಲಿಗೆ ಹಾಕಿದ್ಳು. ಸಂಜಿ ಬಸ್ಸಿಗೆ ನೀಲಾವತಿ ಬ್ಯಾಗು ಹಿಡ್ಕೊಂಡು ಇಳಿದ್ಳು. ಆ ಮಾತು ಆಕಿ ಫೋನಿಗೂ ಹೋಗಿತ್ತಲ್ಲ! ವಾರ ಪೂರ್ತಿ ರಜಾ ಹಾಕಿ ಬಂದಿದ್ಳು.

"ಅವ್ವನ್ನ ಕರ್ದಾರ. ಹೆತ್ತಾಕಿ ನಾನು, ನಾನು ಹೋಗ್ತೀನಿ" ಅಂದ್ಳು ಬಾಗ್ಲಾಗ ನಿಂತಾ.

"ಯಾವ ಅವ್ವ ಲೇ ನೀನು? ಈ ಮನ್ಯಾಗ ಅವ್ವ ಅಂದ್ರ ಯಾರು ಅಂತ ಬೀದಿ ನಾಯಿನ್ನ ಕೇಳು, ಹೇಳ್ತತಿ."

ಮಾರೇಶ ಅವತ್ತೇ ಲಾರಿ ಇಳ್ದು ಬಂದಿದ್ದ, ಉಣ್ಣಾಕ ಕುಂತಿದ್ದ. ಅಮ್ಮನ ಕಡೆ ಮಾತಾಡಿದ್ರ ಹೆಂಡ್ತಿ ಬಿಡಲ್ಲ, ಹೆಂಡ್ತಿ ಕಡೆ ಮಾತಾಡಿದ್ರ ಅಮ್ಮ ಬಿಡಲ್ಲ. ಬಡ್ಡಿಮಗ, ಗಂಡಸು ಅನ್ನಿಸ್ಕೊಂಡೋನು ಒಂದು ತೀರ್ಮಾನ ಹೇಳ್ಬಾರ್ದಾ? ಕೈ ತೊಳ್ಕೊಂಡು ಎದ್ದು, ಭಾರಾನೆಲ್ಲಾ ಎಳೇ ಹುಡುಗಿ ತಲಿ ಮ್ಯಾಲ ಹಾಕಿದ. "ಶನಿವಾರ ಹುಡುಗಿ ಸಾಲ್ಯಾಗ ಯಾರಿಂದ ಕಲ್ತಿದ್ದು ಮಾಡಿ ತೋರಸ್ತಾಳೋ ಆಕಿ ಹತ್ರ ಇರ್ಲಿ. ಅತ್ಲಾಗ ನಿಮ್ಮದು ಮುಗೀಲಿ" ಅಂದು ಲಾರಿ ಹತ್ತಿ ಹೋದ.

ಅಲ್ಲಿಗೆ ಸುರುವಾತು ನೋಡ್ರಿ. ಪಾರಮ್ಮ ಮೊರ ತಗೊಂಡು ಹುಡುಗಿಗೆ ಅಕ್ಕಿ ಕೇರೋದು ಕಲ್ಸಾಕ ಕುಂತ್ಳು. ಆ ಸಣ್ಣ ಕೈಯಾಗ ಮೊರ ಎದ್ದು ಬೀಳೋದು ನೋಡಿ ಆಕಿಗೆ ಕಣ್ಣು ತುಂಬಿ ಬಂತು. ಮರುದಿನ ನೋಡಿದ್ರ ಮೊರ ಇಲ್ಲ. ಹುಡುಕಿ ಹುಡುಕಿ ಸಾಕಾತು, ಅಟ್ಟದ ಮ್ಯಾಲ ಹಳೇ ಚೀಲದ ಹಿಂದ ಸಿಕ್ತು. ನೀಲಾವತಿ ಏನೂ ಗೊತ್ತಿಲ್ಲದಾಕಿ ಹಂಗ ಹುಡುಗಿ ಕೈಗೆ ಸೂಜಿ ಕೊಟ್ಟು ಗುಂಡಿ ಹಚ್ಚೋದು ಕಲಸ್ತಿದ್ಳು. ಪಾರಮ್ಮ ಸೂಜಿ ಕಸ್ಕೊಂಡು ಗಟಾರಕ್ಕ ಒಗದ್ಳು. "ಕಣ್ಣಿಗೆ ಚುಚ್ಚಿದ್ರ ನಿನ್ನಪ್ಪ ಬರ್ತಾನಾ ಕುರುಗೋಡಿಂದ?" ನೀಲಾವತಿ ಬ್ಯಾಗಿಂದ ಇನ್ನೊಂದು ಸೂಜಿ ತಗದ್ಳು. ಆಕಿ ಬ್ಯಾಗಿನ ತುಂಬ ಬರೀ ಸೂಜಿನಾ ಇದ್ವೋ ಏನೋ, ಯಾರಿಗ್ಗೊತ್ತು.

ಸೂಜಿ ಬ್ಯಾಡ, ಹಾಳಾಗ್ಹೋಗ್ಲಿ. ಪಾರಮ್ಮಗ ತಡಿಯಾಕ ಆಗ್ಲಾರದ್ದು ಇನ್ನೊಂದು. ನೀಲಾವತಿ ಚಾಕ್ಲೇಟ್ ಮುರುದು ಮುರುದು ಕೊಟ್ಟು, "ನನ್ನನ್ನ ಏನಂತಿ? ಅವ್ವ ಅನ್ನು. ಅಂದ್ರ ಇನ್ನೊಂದು ಚೂರು" ಅಂತ ಪಾಠ ಮಾಡ್ತಿದ್ಳು. ಮೊದ್ಲು ಹುಡುಗಿ ನಾಚ್ಕೊಂಡು ಅಜ್ಜಿ ಮಾರಿ ನೋಡ್ತು. ಆಮೇಲೆ ಅಂತು. ಬುಧವಾರದ ಹೊತ್ತಿಗೆ ಇಬ್ರನ್ನೂ ಅವ್ವ ಅನ್ನಾಕ ಹತ್ತಿಬಿಡ್ತು. ಬಚ್ಚಲದಾಗಿಂದ "ಅವ್ವಾ, ಟವಲು" ಅಂತ ಕೂಗಿದ್ರ ಒಳಗಿಂದ ಒಬ್ಬಾಕಿ, ಹೊರಗಿಂದ ಒಬ್ಬಾಕಿ "ಏನವ್ವಾ, ಬಂದೆ" ಅಂತ ಓಡಿ ಬಂದು, ಬಾಗ್ಲಾಗ ಇಬ್ರೂ ಭುಜಕ್ಕ ಭುಜ ಹಾಯ್ದು ನಿಂತ್ರು. ಟವಲಿನ ಒಂದು ತುದಿ ಆಕಿ ಕೈಯಾಗ, ಒಂದು ತುದಿ ಈಕಿ ಕೈಯಾಗ. ಹುಡುಗಿ ಒದ್ದಿ ಮೈಯಾಗ ನಡುಗ್ತಾ ನಿಂತಿತ್ತು. ಯಾರೂ ಬಿಡ್ಲಿಲ್ಲ.

ಗುರುವಾರ ಸಂಜಿ ದೊಡ್ಡ ಜಗಳ ಆತು. ಹುಡುಗಿ ಗ್ವಾಡಿ ಬಾಜೂಕ ನೆಲದ ಮ್ಯಾಲ ತಾಟು ಇಟ್ಕೊಂಡು ಉಣ್ತಿತ್ತು. ಅನ್ನ ಕಲಸಿದ್ದು ಪಾರಮ್ಮ, ಹಪ್ಪಳ ಹಾಕಿದ್ದು ನೀಲಾವತಿ. ಹಪ್ಪಳ ತಿಂದ್ರ ಕೆಮ್ಮು ಬರ್ತತಿ ಅಂತ ಪಾರಮ್ಮ ತಗದು ಒಲಿಗೆ ಹಾಕಿದ್ಳು. ಅಷ್ಟಾ.

"ನನ್ನ ಮಗಳಿಗೆ ನಾನು ಒಂದು ಹಪ್ಪಳ ಹಾಕೋ ಹಂಗಿಲ್ಲೇನು?" ನೀಲಾವತಿ ಸೌಟು ತಗೊಂಡು ಬೋಗಾಣಿಗೆ ಧಡ್ ಅಂತ ಬಡದ್ಳು.

ಪಾರಮ್ಮ ಸೆರಗು ಸೊಂಟಕ್ಕ ಸಿಗಿಸಿದ್ಳು. ಸೆರಗು ಸಿಗಿಸಿದ್ಳು ಅಂದ್ರ ಓಣಿಯಾಗ ಬಾಗ್ಲು ತಾವಾ ತೆರೀತಿದ್ವು. "ಹೆತ್ತು ಒಗದು ಹೋದಾಕಿ ನೀನು! ಎದ್ಯಾಗ ಹಾಲಿದ್ದಾಗ್ಲೇ ಬಸ್ಸು ಹತ್ತಿದಾಕಿ! ಆಗ ಎಲ್ಲಿತ್ತಲೇ ನಿನ್ನ ಮಗಳು?"

"ಹತ್ಸಿದೋರು ಯಾರು? ಕೈ ಕಟ್ಕೊಂಡು ಕುಂತಾಕಿಗೆ ಇಲ್ಲಿ ಕೂಳಿಲ್ಲ ಅಂದಾಕಿ ಯಾರು? ಹೇಳು! ನಿನ್ನ ಬಾಯಾಗ ಹುಳ ಬೀಳ!" ಅಲ್ಲಿ ತನಕ ಅತ್ತಿ, ನೀವು ಅಂತಿದ್ದಾಕಿ ಅವತ್ತು ನೀನು ಅಂದ್ಳು.

ಆಮೇಲೆ ಪಾರಮ್ಮ ಏನಂದ್ಳು, ನೀಲಾವತಿ ಏನಂದ್ಳು, ಪಾರಮ್ಮಗ ನೆನಪಿಲ್ಲ. ಬಾಯಿ ಮುಂದ ಓಡ್ತಿತ್ತು, ತಲಿ ಹಿಂದ ಉಳಿದಿತ್ತು. ಬೆರಳ ಲಟಿಕಿ ಮುರಿದು ಶಾಪ ಹಾಕಿದ್ದು ನೆನಪೈತಿ, ಗಂಟಲು ಹರಿದು ಕೆಮ್ಮು ಬಂದಿದ್ದು ನೆನಪೈತಿ. ಬಾಜು ಮನಿ ಫರ್ಜಾನಾ ಬಂದು "ಸಾಕು ಬಿಡ್ರೆಮ್ಮಾ, ಕೂಸಿನ ಮುಂದ" ಅಂದಾಗ ಹೊಳ್ಳಿ ನೋಡಿದ್ರ ಹುಡುಗಿ ತಾಟಿನ್ಯಾಗ ಕೈ ಇಟ್ಟು ಹಂಗಾ ಕುಂತಿತ್ತು. ಕೈ ಮ್ಯಾಲ ಅನ್ನ ಒಣಗಿತ್ತು.

"ಉಣ್ಣು" ಅಂತ ಇಬ್ರೂ ಒಟ್ಟಿಗೆ ಒದರಿದ್ರು.

ಶನಿವಾರ ಬೆಳಿಗ್ಗೆ ಯಾರನ್ನ ಕರ್ಕೊಂಡು ಹೋಗ್ತಿ ಅಂತ ಕೇಳಿದ್ರ ಹುಡುಗಿ "ಇಬ್ರೂ ಬರ್ರಿ" ಅಂತು. ಪಾರಮ್ಮ ಕಂಕುಳಾಗ ಮೊರ ಇಟ್ಕೊಂಡ್ಳು. ನೀಲಾವತಿ ಸೂಜಿ, ದಾರ, ಗುಂಡಿ, ಅರಿವಿ ತುಂಡು ಚೀಲಕ್ಕ ಹಾಕ್ಕೊಂಡ್ಳು. ಹುಡುಗಿನ್ನ ನಡುವ ಬಿಟ್ಕೊಂಡು ಸಾಲಿ ತನಕ ಆಕಿದು ಒಂದೊಂದು ಕೈ ಹಿಡ್ಕೊಂಡು ನಡದ್ರು. ಪಾರಮ್ಮ ಮನಸಿನ್ಯಾಗ ದೇವ್ರಿಗೆ ಹರಕಿ ಮ್ಯಾಲ ಹರಕಿ ಹೊತ್ಳು. ಮೊರ ಹಿಡೀಲಿ, ಮೊರ ಹಿಡೀಲಿ. ಈ ಹುಡುಗಿ ಹೋದ್ರ ಆ ಮನ್ಯಾಗ ತಾನು ಯಾರಿಗೆ ಒಲಿ ಹಚ್ಚಬೇಕು?

ಸಾಲಿ ವರಾಂಡದಾಗ ತಾಯಂದಿರು ಸಾಲಾಗಿ ಕುಂತಿದ್ರು. ಫರ್ಜಾನಾನ ಮಗ ಆಸಿಂ ಮೊದ್ಲು ಎದ್ದು ಹಿಟ್ಟು ನಾದಿ ರೊಟ್ಟಿ ಬಡದ. ರೊಟ್ಟಿ ಮೂರು ಮೂಲಿ ಆತು, ಎಲ್ಲಾರೂ ನಕ್ಕು ಚಪ್ಪಾಳಿ ಹೊಡದ್ರು. ಇನ್ನೊಬ್ಬಾಕಿ ಮಲ್ಲಿಗಿ ಮಾಲಿ ಕಟ್ಟಿದ್ಳು.

"ಸೌಂದರ್ಯ, ಬಾ. ನೀನು ಯಾರಿಂದ ಕಲ್ತಿ?" ಅಂದ್ಳು ನಿಶಾತ್ ಟೀಚರ್.

"ಅವ್ವನಿಂದ."

ಪಾರಮ್ಮ ಎದಿ ಉಬ್ಬಿಸಿ ಮೊರ ಮುಂದಕ್ಕ ಚಾಚಿದ್ಳು. ಅತ್ಲಾಗಿಂದ ನೀಲಾವತಿ ಸೂಜಿ ದಾರ ಚಾಚಿದ್ಳು. ಹುಡುಗಿ ಎರಡನ್ನೂ ನೋಡ್ತು, ಎರಡನ್ನೂ ತಗೊಳ್ಳಲಿಲ್ಲ. ಖಾಲಿ ಕೈಯಾಗ ನಡುವ ಹೋಗಿ ನಿಂತು, ಯೂನಿಫಾರಮ್ಮಿನ ಲಂಗದ ಅಂಚು ಎಳದು ಸೆರಗಿನ ಹಂಗ ಸೊಂಟಕ್ಕ ಸಿಗಿಸಿತು.

"ಹೆತ್ತು ಒಗದು ಹೋದಾಕಿ ನೀನು!" ಅಂತು.

ಪಾರಮ್ಮನ ದನಿ. ಅದಾ ಏರು, ಅದಾ ಇಳಿವು, ಕೊನ್ಯಾಗ ಅದಾ ಗೊರ ಗೊರ. ಮಕ್ಕಳು ಹೋ ಅಂತ ನಕ್ಕವು. ಹುಡುಗಿ ಗಿರಕ್ನ ಆ ಕಡೆ ತಿರುಗಿ ನಿಂತು, ಇಲ್ಲದ ಬೋಗಾಣಿಗೆ ಇಲ್ಲದ ಸೌಟಿಂದ ಧಡ್ ಅಂತ ಬಡದು, ನೀಲಾವತಿ ಆತು. "ನಿನ್ನ ಬಾಯಾಗ ಹುಳ ಬೀಳ!" ಮತ್ತ ಈ ಕಡೆ ತಿರುಗಿ ಲಟಿಕಿ ಮುರೀತು. ಸಣ್ಣ ಬೆರಳು, ಲಟಿಕಿ ಸದ್ದು ಬರ್ಲಿಲ್ಲ, ಅದಕ್ಕ ನಾಲಿಗಿಂದ ಟಕ್ ಅಂತ ಸದ್ದು ಮಾಡ್ತು. ಹಿಂದಿನ ಸಾಲಿನ ಹುಡುಗ್ರು ನೆಲಕ್ಕ ಬಿದ್ದು ನಕ್ಕವು. ಒಂದಿಬ್ರು ತಾಯಂದಿರೂ ಸೆರಗು ಬಾಯಿಗೆ ಇಟ್ಕೊಂಡು ನಕ್ರು. ಮಂದಿ ನಗೋದು ನೋಡಿ ಹುಡುಗಿಗೆ ಹುರುಪು ಬಂತು.

ಪಾರಮ್ಮನ ದನ್ಯಾಗ, ನೆಲದ ಕಡೆ ಬೆರಳು ಮಾಡಿ, ಅಂತು: "ಈ ಪೀಡಿ ಒಂದು ಹುಟ್ಟದಿದ್ರ ನಿನ್ನ ಅವತ್ತಾ ಕುರುಗೋಡಿಗೆ ಅಟ್ಟಿ ಬಾಗ್ಲು ಹಾಕ್ಕೊಂತಿದ್ನಿ!"

ತಿರುಗಿ ನೀಲಾವತಿ ದನ್ಯಾಗ, ಅದಾ ಜಾಗಕ್ಕ ಬೆರಳು ಮಾಡಿ, ಅಂತು: "ಇದು ಹುಟ್ಟದಿದ್ರ ನಾನೂ ನಿನ್ನ ಮನಿ ಹೊಸ್ತಲ ತುಳೀತಿದ್ದಿಲ್ಲ! ಇದರ ಸಲುವಾಗಿ ನನ್ನ ಜಲ್ಮ ಹಾಳಾತು!"

ಆ ಬೆರಳು ಯಾವ ಜಾಗ ತೋರಸ್ತೈತಿ ಅಂತ ಪಾರಮ್ಮಗ ಆಗ ತಿಳೀತು. ಗುರುವಾರ ಗ್ವಾಡಿ ಬಾಜೂಕ ಹುಡುಗಿ ತಾಟು ಇಟ್ಕೊಂಡು ಕುಂತಿದ್ದ ಜಾಗ. ತಾನು ಅಂದಿದ್ದಾ ಅದು. ಹೌದು, ಅಂದಿದ್ಳು. ಬೆರಳು ಮಾಡಿ ಅಂದಿದ್ಳು. ಚಾಚಿದ್ದ ಮೊರ ಹಿಂದಕ್ಕ ತಗೊಂಡು ಸೆರಗಿನಾಗ ಮುಚ್ಚಿಟ್ಕೊಂಡ್ಳು.

ಮಕ್ಕಳು ಇನ್ನಾ ನಗ್ತಿದ್ವು. ದೊಡ್ಡವರು ಯಾರೂ ನಗ್ತಿದ್ದಿಲ್ಲ. ಫರ್ಜಾನಾ ತಲಿ ತಗ್ಗಿಸಿ ಕುಂತಿದ್ಳು.

ಹುಡುಗಿ ಕೊನೀಗೆ ನೆಲಕ್ಕ ಥೂ ಅಂತು. ಅಲ್ಲಿಗೆ ಮುಗೀತು ಅಂತ ಸಿಗಿಸಿದ ಅಂಚು ಬಿಚ್ಚಿ ಸರಿ ಮಾಡ್ಕೊಂಡು, ಕೈ ಕಟ್ಕೊಂಡು ನಿಂತು, ತಾಯಂದಿರು ಕುಂತ ಸಾಲಿನ ಕಡೆ ನೋಡಿ ನಗ್ತು.

"ಅವ್ವಾ, ಸರೀಗೆ ಮಾಡಿದ್ನಿಲ್ಲ?"

ಒಂದು ವಾರ ಇದಾ ಮಾತಿಗೆ ಬಡದಾಡಿದ್ರಲ್ಲ ಇಬ್ರೂ! ಟವಲು ಹರಿಯೋ ಹಂಗ ಜಗ್ಗಿದ್ರಲ್ಲ! ಈಗ ಆ ಮಾತು ಬಂದು ಎದುರಿಗೆ ನಿಂತೈತಿ, ಇಬ್ರೂ ಮಾರಿ ತಗ್ಗಿಸಿದ್ರು.

"ಅವ್ವಾ?" ಅಂತು ಹುಡುಗಿ ಮತ್ತ.

ಪಾರಮ್ಮ ಪಕ್ಕಕ್ಕ ನೋಡದನ, ಹಲ್ಲು ಕಚ್ಚಿ, ಪಿಸಿ ಪಿಸಿ ಅಂದ್ಳು: "ಹೋಗು. ನಿನ್ನನ್ನಾ ಕರಿಯಾಕತ್ತಾಳ."

"ನನ್ನನ್ನಲ್ಲ ಅತ್ತಿ" ಅಂದ್ಳು ನೀಲಾವತಿ, ನೆಲ ನೋಡ್ಕೊಂತ. "ನಿಮ್ಮನ್ನ."

ಹುಡುಗಿ ಕೈ ಕಟ್ಕೊಂಡು ಕಾಯ್ತಾ ನಿಂತಿತ್ತು.